ಹಿತ್ತಿಲ ತರಕಾರಿಗೆ ಮೊಲದ ಕಾಟ: ಉರುಳು ಬೇಡ, ಬೇಲಿ ಕಟ್ಟೋಣ



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಂಘಗಳ ಸಭೆಗೆ ನಾವು ಹೋದಾಗಲೆಲ್ಲ ಕೈತೋಟದ ಮಾತು ಬಂದೇ ಬರುತ್ತದೆ. ಒಮ್ಮೆ ಒಬ್ಬ ಸದಸ್ಯೆ ಹೇಳಿದರು: "ಸಿಸ್ಟರ್, ಬೀನ್ಸ್ ಈಗಷ್ಟೇ ಎಲೆ ಬಿಟ್ಟಿತ್ತು. ಬೆಳಗ್ಗೆ ಎದ್ದು ನೋಡಿದ್ರೆ ಬರೀ ಕಡ್ಡಿ. ನಮ್ಮನೆಯೋರು ಉರುಳು ಹಾಕ್ತೀನಿ ಅಂತಿದಾರೆ, ಏನು ಮಾಡ್ಲಿ?" ಅವರ ಪ್ರಶ್ನೆ ಬಹಳ ಮನೆಗಳ ಪ್ರಶ್ನೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ತಿಂದದ್ದು ಮೊಲವೇ?

ಮೊದಲು ಇದನ್ನು ನೋಡಿಕೊಳ್ಳಿ. ಮೊಲ ತಿಂದ ಎಳೆ ಗಿಡ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಇರುತ್ತದೆ. ಹತ್ತಿರದಲ್ಲೇ ದುಂಡನೆಯ ಒಣ ಹಿಕ್ಕೆ ಬಿದ್ದಿರುತ್ತದೆ. ನೆಲ ಉತ್ತ ಹಾಗಿದ್ದರೆ ಅದು ಹಂದಿ. ಎಲೆ ತೂತಾಗಿ ಲೋಳೆಯ ಗೆರೆ ಇದ್ದರೆ ಬಸವನಹುಳು. ಹಗಲಲ್ಲಿ ಕುಕ್ಕಿದ್ದರೆ ನವಿಲು.

ನಮ್ಮ ಕಾಡುಮೊಲ ಗೂಡಿನಲ್ಲಿ ಸಾಕುವ ಮೊಲದ ಜಾತಿಯಲ್ಲ. ಇದು ಬಿಲ ತೋಡುವುದಿಲ್ಲ. ಹಗಲು ಹುಲ್ಲು, ಪೊದೆಯಲ್ಲಿ ಅಡಗಿದ್ದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಮೇಯುತ್ತದೆ. ಆದ್ದರಿಂದ ಬೇಲಿಯನ್ನು ಆಳಕ್ಕೆ ಹೂಳಬೇಕಾಗಿಲ್ಲ. ಕೆಳಗಿನ ಸಂದು ಮುಚ್ಚಿದರೆ ಮುಕ್ಕಾಲು ಕೆಲಸ ಆದ ಹಾಗೆ.

ಉರುಳು ಏಕೆ ಬೇಡ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮೊಲ ರಕ್ಷಿತ ಪ್ರಾಣಿ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕಿ ಹಿಡಿಯಲು ಪ್ರಯತ್ನಿಸುವುದೂ ಬೇಟೆಯೇ. ಜೈಲು, ದಂಡ ಎರಡೂ ಆಗಬಹುದು. ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂತಹ ಅಭಯಾರಣ್ಯದ ಒಳಗಾದರೆ ಶಿಕ್ಷೆ ಇನ್ನೂ ಹೆಚ್ಚು. ದುಡಿಯುವ ಗಂಡನೋ ಮಗನೋ ಕೋರ್ಟಿಗೆ ಅಲೆಯುವಂತಾದರೆ ಸಂಘದ ಸಾಲದ ಕಂತು ಕಟ್ಟುವವರು ಯಾರು? ಉರುಳಿಗೆ ಮೊಲವೇ ಬೀಳುತ್ತದೆಂದೂ ಇಲ್ಲ; ನಾಯಿ, ಕರು, ಚಿರತೆಯೂ ಸಿಕ್ಕಿಕೊಳ್ಳುತ್ತವೆ.

ವಿಷ ಇಟ್ಟರೆ ಕೋಳಿ, ನಾಯಿ, ಮಕ್ಕಳಿಗೆ ಅಪಾಯ. ಮನೆಯ ಕರೆಂಟನ್ನು ಬೇಲಿಗೆ ಕೊಡುವುದಂತೂ ಖಂಡಿತ ಬೇಡ. ರಾತ್ರಿ ಹೊರಗೆ ಬಂದ ಮನೆಯವರೇ ಅದನ್ನು ಮುಟ್ಟಿ ಸಾಯಬಹುದು.

ಬೇಲಿ ಕಟ್ಟುವ ಬಗೆ

ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ತರಕಾರಿ ಮಡಿ ಎಂದುಕೊಳ್ಳಿ. ಸುತ್ತಳತೆ 60 ಅಡಿ. ಆರು ಅಡಿಗೊಂದರಂತೆ ಹತ್ತು ಗೂಟ ಬೇಕು. ಗೊಬ್ಬರದ ಗಿಡದ ಗೂಟ ನೆಟ್ಟರೆ ಅದು ಚಿಗುರಿ ಸೊಪ್ಪನ್ನೂ ಕೊಡುತ್ತದೆ.

1. ಕೋಳಿಗೂಡಿಗೆ ಬಳಸುವ, ಒಂದು ಇಂಚು ಕಣ್ಣಿನ, ಮೂರು ಅಡಿ ಅಗಲದ ತಂತಿ ಬಲೆ ತನ್ನಿ.
2. ಎರಡೂವರೆ ಅಡಿ ಮೇಲಕ್ಕೆ ನಿಲ್ಲಿಸಿ. ಉಳಿದ ಅರ್ಧ ಅಡಿಯನ್ನು ಹೊರಕ್ಕೆ ಮಡಚಿ ನೆಲದ ಮೇಲೆ ಹಾಸಿ, ಕಲ್ಲು ಹೇರಿ.
3. ಬಾಗಿಲಿನ ಕೆಳಗೂ ಸಂದು ಬಿಡಬೇಡಿ.

ಬಲೆ ತರಲು ದುಡ್ಡು ಸಾಲದಿದ್ದರೆ ಹಳೆ ಸೀರೆ ಕಟ್ಟಬಹುದು. ಆದರೆ ಅಂಚು ನೆಲಕ್ಕೆ ತಾಗಬೇಕು. ಬುಡಕ್ಕೆ ಬಿದಿರ ಮುಳ್ಳು ಒತ್ತಾಗಿ ಇಡಬೇಕು. ಎಳೆ ಸಸಿಗಳಿಗೆ ರಾತ್ರಿ ಹಳೆ ಬುಟ್ಟಿ ಕವುಚಿ ಮೇಲೊಂದು ಕಲ್ಲಿಡಿ. ಮೀನಿನ ಬಲೆ ಬೇಡ, ಅದರಲ್ಲಿ ಹಾವು ಸಿಕ್ಕಿಕೊಳ್ಳುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ನೀರು ಬೇಸಿಗೆಯಲ್ಲಿ ಸ್ವಲ್ಪ ದಿನ ತಡೆದೀತು. ನಮ್ಮ ಮಳೆಗಾಲದಲ್ಲಿ ಒಂದೇ ಮಳೆಗೆ ತೊಳೆದು ಹೋಗುತ್ತದೆ.

ಬೇಲಿಯ ಹೊರಗೆ ಹತ್ತು ಅಡಿ ಪೊದೆ ಸವರಿ. ಅಡಗಲು ಜಾಗವಿಲ್ಲದ ಕಡೆ ಮೊಲ ಬರಲು ಅಂಜುತ್ತದೆ.

ಒಂದು ಎಚ್ಚರಿಕೆ

ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರದ ಅರಳಗೋಡಿನ ಕಡೆ ಜೀವಗಳನ್ನೇ ತೆಗೆಯಿತು. ಇದನ್ನು ಹರಡುವುದು ಉಣುಗು. ಡಿಸೆಂಬರಿನಿಂದ ಮೇವರೆಗೆ ಪೊದೆ ಸವರುವಾಗ, ಮುಳ್ಳು ತರುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಸಂಘದಲ್ಲಿ ಮಾಡಬಹುದಾದದ್ದು

ಒಬ್ಬೊಬ್ಬರೇ ಬಲೆ ಕೊಂಡರೆ ದುಬಾರಿ. ನಾಲ್ಕೈದು ಮನೆಯವರು ಸೇರಿ ಇಡೀ ಸುರುಳಿ ತಂದು ಹಂಚಿಕೊಳ್ಳಿ. ಬೇಕಾದರೆ ಸಂಘದಿಂದ ಸಣ್ಣ ಸಾಲ ತೆಗೆಯಿರಿ. ಕೆಲಸಕ್ಕೆ ಮುಯ್ಯಾಳು ಇದ್ದೇ ಇದೆ. ಇವತ್ತು ನಿಮ್ಮ ಮನೆ, ನಾಳೆ ಅವರ ಮನೆ.

ಮುಂದಿನ ಸಭೆಯಲ್ಲಿ ಚರ್ಚಿಸಿ:
* ಯಾರ ಹಿತ್ತಿಲಿಗೆ ಯಾವ ಪ್ರಾಣಿಯ ಕಾಟ?
* ಎಷ್ಟು ಅಡಿ ಬಲೆ ಬೇಕು?
* ಊರಲ್ಲಿ ಯಾರಾದರೂ ಉರುಳು ಹಾಕುತ್ತಿದ್ದರೆ ಅವರಿಗೆ ಹೇಳುವವರು ಯಾರು?

ಈ ಕರಪತ್ರವನ್ನು ಮನೆಯ ಗಂಡಸರಿಗೂ ಓದಿ ಹೇಳಿ.