ಚೌರಿ: ಒಂದು ಪದ, ಒಂದು ಕೈಕೆಲಸ

ನಾನು ಹೊಸೂರಿನವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಇವತ್ತು ಚೌರಿ ಬಗ್ಗೆ ಮಾತಾಡ್ತೀನಿ.

ಚಮರೀಮೃಗದ ಬಾಲದ ಕೂದಲಿನ ಚಾಮರಕ್ಕೂ ಚೌರಿ ಎಂದೇ ಹೆಸರು. ಜಡೆಗೆ ಸೇರಿಸುವ ಕೂದಲಿಗೂ ಅದೇ. ನಮ್ಮೂರಲ್ಲಿ ತಮಿಳರು ಸವುರಿ, ತೆಲುಗರು ಸವರಂ ಅಂತಾರೆ.

ಹೋದ ವರ್ಷ ಟೈಫಾಯ್ಡ್ ಆದ ಮೇಲೆ ನನ್ನ ಜಡೆ ಇಲಿಬಾಲದಂತಾಯ್ತು. ಕಾಲೇಜಿಗೆ ಹೋಗಲು ನಾಚಿಕೆ. ಆಗ ಅಜ್ಜಿ ಕಲಿಸಿದ ಕ್ರಮ ಇದು. ಸಿಕ್ಕು ಬಿಡಿಸಿ, ಮೂರು ಎಳೆ ಮಾಡಿ, ಮೊದಲು ಎರಡು ಹೆಣಿಗೆ ಹಾಕಬೇಕು. ಚೌರಿಯ ಗಂಟನ್ನು ಒಳಗಿಟ್ಟು, ಅದರ ಮೂರು ಎಳೆಗಳನ್ನು ನಮ್ಮ ಎಳೆಗಳಿಗೆ ಸೇರಿಸಬೇಕು. ಆಮೇಲೆ ಜಡೆಯನ್ನು ಭುಜದ ಮೇಲಿಂದ ಮುಂದೆ ತಂದುಕೊಂಡರೆ ಒಬ್ಬರೇ ಹೆಣೆಯಬಹುದು. ತುದಿಗೆ ಕುಚ್ಚು. ನೆತ್ತಿ ಎಳೆದಂತಾದರೆ ಬಿಚ್ಚಿ ಸಡಿಲ ಮಾಡಬೇಕು. ಭಾರದ ಚೌರಿಯನ್ನು ದಿನವೂ ಬಿಗಿದು ಕಟ್ಟಿದರೆ ಹಣೆಯಂಚಿನ ಕೂದಲು ಉದುರುತ್ತದೆ. ಮಲಗುವಾಗ ತೆಗೆದಿಡಬೇಕು.

ಅಜ್ಜಿಯ ಚೌರಿ ಕೊಂಡದ್ದಲ್ಲ. ಬಾಚಣಿಗೆಗೆ ಬಂದ ಕೂದಲನ್ನು ಸುತ್ತಿ ಗೋಡೆ ಸಂದಿಯಲ್ಲಿಟ್ಟು, ವರ್ಷಗಟ್ಟಲೆ ಕೂಡಿಸಿ ಕಟ್ಟಿದ್ದು. ನಾನು "ಸುಳ್ಳು ಜಡೆ" ಅಂದಾಗ, "ಹಂಗನ್ನಬೇಡ ಕಣೇ, ಇದೂ ನನ್ನ ತಲೇದೇ" ಅಂದರು.

ರನ್ನನ ಗದಾಯುದ್ಧದಲ್ಲಿ ದ್ರೌಪದಿಯ ಮುಡಿ ಕಟ್ಟುವವನು ಭೀಮ. ಆ ಮುಡಿಯ ಬಗ್ಗೆ ತರಗತಿಯಲ್ಲಿ ಬೇಕಾದಷ್ಟು ಓದಿದ್ದೇವೆ. ತನ್ನ ಜಡೆ ತಾನೇ ಹಾಕಿಕೊಳ್ಳುವ ಹೆಂಗಸರ ಮಾತುಗಳನ್ನು ನಾವು ಅಷ್ಟಾಗಿ ಕೇಳಿಲ್ಲ. ಅಜ್ಜಿ ಹೇಳಿದ್ದನ್ನು ಈಗ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ತಿದ್ದೀನಿ. ನಿಮ್ಮ ಮನೆಯಲ್ಲಿ ಬೇರೆ ಪದಗಳಿದ್ದರೆ ದಯವಿಟ್ಟು ಹೇಳಿ.