ಬಿಳಿಯ ಬೆಟ್ಟದ ಬಳಸುದಾರಿ

ಹಿರಿದಾದೊಂದು ಬೆಟ್ಟವನ್ನು ಕಂಡ ಮನುಷ್ಯನಿಗೆ ಎರಡು ಬಗೆಯ ಆಸೆಗಳು ಹುಟ್ಟುವುದುಂಟು: ಒಂದು, ಅದರ ನೆತ್ತಿಯನ್ನು ಮೆಟ್ಟಬೇಕೆಂಬುದು, ಮತ್ತೊಂದು, ಅದನ್ನು ಬಳಸಿ ಬರಬೇಕೆಂಬುದು. ಮೊದಲನೆಯದು ಸಾಹಸ; ಎರಡನೆಯದನ್ನು ನಮ್ಮ ಹಿರಿಯರು ಪ್ರದಕ್ಷಿಣೆಯೆಂದು ಕರೆದರು. ಯೂರೋಪಿನವರು ಮೊದಲನೆಯದಕ್ಕೇ ಹೆಸರಾದವರೆಂಬುದು ನಮ್ಮಲ್ಲಿ ರೂಢಿಯ ಮಾತು. ಆದರೆ ಆಲ್ಪ್ಸ್ ಶ್ರೇಣಿಯ ಅತ್ಯುನ್ನತ ಶಿಖರವಾದ ಮಾಂಟ್ ಬ್ಲಾಂಕನ್ನು, ಎಂದರೆ ಬಿಳಿಯ ಬೆಟ್ಟವನ್ನು, ಸುತ್ತುವರಿದು ಒಂದು ಕಾಲುದಾರಿಯಿದೆ. ಸುಮಾರು 170 ಕಿಲೋಮೀಟರ್ ಉದ್ದದ ಈ ದಾರಿ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಎಂಬ ಮೂರು ದೇಶಗಳನ್ನು ಹಾಯ್ದು ಹೊರಟಲ್ಲಿಗೇ ಮರಳುತ್ತದೆ. ನಡೆಯಲು ಹತ್ತು ಹನ್ನೊಂದು ದಿನ ಬೇಕು. ನಡುನಡುವಣ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 10,000 ಮೀಟರ್ ಆಗುತ್ತದೆ. ಅದು ಶಿಖರದ ಎತ್ತರದ ಎರಡು ಪಟ್ಟಿಗೂ ಮಿಗಿಲು. ಇಷ್ಟು ಏರಿಯೂ ನಡೆಯುವವನು ನೆತ್ತಿಯನ್ನು ಮುಟ್ಟುವುದಿಲ್ಲ!

ಈ ದಾರಿಯನ್ನು ಮಾಡಿದವರಾರು? ಜಿನೀವಾದ ವಿದ್ವಾಂಸ ಸೊಸ್ಯೂರ್ 1760ರಲ್ಲಿ, ತನ್ನ ಇಪ್ಪತ್ತರ ಹರೆಯದಲ್ಲಿ, ಶಿಖರಕ್ಕೆ ಹಾದಿಯನ್ನು ಕಂಡುಕೊಟ್ಟವರಿಗೆ ಬಹುಮಾನವನ್ನು ಸಾರಿದನು. ಬಾಲ್ಮಾ ಮತ್ತು ಪಕ್ಕಾರ್ ಎಂಬಿಬ್ಬರು ನೆತ್ತಿಯನ್ನು ಮುಟ್ಟಿದ್ದು 1786ರ ಆಗಸ್ಟ್ 8ರಂದು. ಆದರೆ ಸೊಸ್ಯೂರನು 1767ರಲ್ಲಿಯೇ ಬೆಟ್ಟವನ್ನು ಒಂದು ಸುತ್ತು ಬಳಸಿ ಬಂದಿದ್ದನು. ಏರುವ ಹಾದಿ ಇನ್ನೂ ಕಾಣದಿದ್ದಾಗ ಸುತ್ತುವ ಹಾದಿ ಸಿದ್ಧವಾಗಿತ್ತು. ದನಗಾಹಿಗಳೂ ಹೇರು ಹೊತ್ತ ವರ್ತಕರೂ ಅದನ್ನು ಮೊದಲೇ ತುಳಿದಿದ್ದರು.

ಇಲ್ಲೊಂದು ಶಬ್ದದ ವಿಚಾರವನ್ನು ಹೇಳದೆ ಮುಂದೆ ಹೋಗಲಾರೆ. ‘ಆಲ್ಪ್ಸ್’ ಎಂದೊಡನೆ ನಮ್ಮ ಕಣ್ಣಿಗೆ ಹಿಮದ ಕೋಡುಗಳು ಕಟ್ಟುತ್ತವೆ. ಆದರೆ ಅಲ್ಲಿಯ ಮಲೆಯ ಜನರ ಬಾಯಲ್ಲಿ ‘ಆಲ್ಪ್’ ಎಂದರೆ ಬೇಸಗೆಯಲ್ಲಿ ದನಗಳನ್ನು ಏರಿಸುವ ಎತ್ತರದ ಹುಲ್ಲುಗಾವಲು. ಪರದೇಶಿಯು ಕೋಡನ್ನು ನೋಡಿ ಇಟ್ಟುಕೊಂಡ ಅರ್ಥವೇ ಬೇರೆ, ಊರಿನವನು ಹುಲ್ಲನ್ನು ನೋಡಿ ಉಳಿಸಿಕೊಂಡ ಅರ್ಥವೇ ಬೇರೆ.

ದಾರಿಯುದ್ದಕ್ಕೂ ಈ ಎರಡನೆಯ ಅರ್ಥವೇ ಕಾಣಿಸುತ್ತದೆ. ಫ್ರಾನ್ಸಿನ ಲೆಜೂಶ್ ಊರಿನಿಂದ ಹೊರಟವನು ಬೊನೊಮ್ ಎಂಬ ಕಂಡಿಯನ್ನು ದಾಟಿ ಶಾಪ್ಯೂ ಕಣಿವೆಗೆ ಇಳಿಯುತ್ತಾನೆ. ಬೋಫೋರ್ ಎಂಬ ಹೆಸರಾಂತ ಚೀಸ್ ಆಗುವುದು ಆ ಸೀಮೆಯ ಹಾಲಿನಿಂದಲೇ. ಅಲ್ಲಿಂದ 2,516 ಮೀಟರ್ ಎತ್ತರದ ಸೇನ್ಯ್ ಕಂಡಿಯನ್ನೇರಿದರೆ ಆಚೆಗೆ ಇಟಲಿ. 1860ರಲ್ಲಿ ಸವಾಯ್ ಸೀಮೆ ಫ್ರಾನ್ಸಿಗೆ ಸೇರುವವರೆಗೆ ಇದರ ಎರಡು ಮಗ್ಗುಲೂ ಒಂದೇ ಅರಸುಮನೆಯ ಆಳಿಕೆಯಲ್ಲಿದ್ದವು. ಇಟಲಿಯ ಆ ಅವೋಸ್ತಾ ಸೀಮೆಯಲ್ಲಿ ಇಂದಿಗೂ ಇಟಾಲಿಯನ್ನಿನೊಡನೆ ಫ್ರೆಂಚಿಗೂ ಅಧಿಕೃತ ಸ್ಥಾನವಿದೆ. ಇದಕ್ಕೂ ಮಿಗಿಲಾಗಿ, ಬೆಟ್ಟದ ಮೂರು ಮಗ್ಗುಲ ಹಳ್ಳಿಗರೂ ಹಿಂದೆ ಆಡುತ್ತಿದ್ದುದು ಫ್ರಾಂಕೋ-ಪ್ರೊವಾನ್ಸಾಲ್ ಎಂಬ ಒಂದೇ ನುಡಿಯ ಒಳಭೇದಗಳನ್ನು. ಗಡಿಯೆಂದು ನಕ್ಷೆ ತೋರಿಸುವ ಕಂಡಿಗಳು ದನ, ಉಪ್ಪು, ನುಡಿಗಳು ಹಾದುಹೋಗುತ್ತಿದ್ದ ಬಾಗಿಲುಗಳು.

ಮುಂದೆ ಕುರ್ಮಾಯೋರ್ ಪಟ್ಟಣ; ಅದರಾಚೆ 2,537 ಮೀಟರಿನ ಹಿರಿಯ ಫೆರೆ ಕಂಡಿ; ಅದನ್ನಿಳಿದರೆ ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ. ಅಲ್ಲಿಯ ಎರಾನ್ಸ್ ತಳಿಯ ಕಪ್ಪು ಹಸುಗಳು ತಮ್ಮ ಮಂದೆಗೆ ಯಾರು ಒಡತಿಯೆಂಬುದನ್ನು ಕೊಂಬಿಗೆ ಕೊಂಬು ಕೊಟ್ಟು ತೀರ್ಮಾನಿಸಿಕೊಳ್ಳುತ್ತವೆ. ಗೆದ್ದವಳಿಗೆ ಜನರು ‘ರಾಣಿ’ ಎಂದು ಹೆಸರಿಡುತ್ತಾರೆ. ಮುಂದೆ ಶಾಂಪೆ, ಟ್ರಿಯಾನ್ ಊರುಗಳನ್ನು ಹಾಯ್ದು, ಬಾಲ್ಮ್ ಕಂಡಿಯಿಂದ ದಾರಿ ಮತ್ತೆ ಫ್ರಾನ್ಸಿಗೆ ಮರಳುತ್ತದೆ.

ಈ ಕೊನೆಯ ಭಾಗದಲ್ಲಿಯೇ ನಡೆಯುವವನ ಮನಸ್ಸು ಕುಂದುವುದು. ಫ್ಲೇಜೇರಿನ ತಪ್ಪಲಲ್ಲಿ ನಿಂತರೆ ಕಣಿವೆಯಾಚೆ ‘ಹಿಮದ ಕಡಲು’ ಎಂಬರ್ಥದ ಹೆಸರುಳ್ಳ ಹಿಮನದಿ ಕಾಣುತ್ತದೆ. 1988ರಲ್ಲಿ ಅದರ ದಡಕ್ಕೆ ತಂತಿಯ ತೊಟ್ಟಿಲನ್ನು ಕಟ್ಟಿದಾಗ, ಅಲ್ಲಿಂದ ಹಿಮದ ಮೇಲೆ ಇಳಿಯಲು ಮೂರು ಮೆಟ್ಟಿಲು ಸಾಕಾಗಿತ್ತು. ಮೂವತ್ತು ವರ್ಷಗಳ ಬಳಿಕ 500ಕ್ಕೂ ಮಿಕ್ಕು ಮೆಟ್ಟಿಲುಗಳನ್ನು ಇಳಿಯಬೇಕಾಯಿತು. 2024ರಲ್ಲಿ ಹಿಮ ಉಳಿದಿರುವ ಮೇಲಣ ಎಡೆಗೆ ಹೊಸ ತೊಟ್ಟಿಲನ್ನೇ ಕಟ್ಟಿದರು. ಕಾದ ಜಗತ್ತಿನ ಲೆಕ್ಕ ಆ ಮೆಟ್ಟಿಲುಗಳಲ್ಲಿದೆ. ಅದನ್ನು ಓದಲು ವಿಜ್ಞಾನವೇನೂ ಬೇಕಿಲ್ಲ.

ಹಿಮವನ್ನು ಉಳಿಸುವುದು ಒಬ್ಬ ಊರಿನವನ ಕೈಯಲ್ಲಿಲ್ಲ. ಹುಲ್ಲಿನ ಮಾತು ಹಾಗಲ್ಲ. ದನವನ್ನು ಏರಿಸುವುದನ್ನು ಬಿಟ್ಟ ಗಾವಲನ್ನು ಕೆಲವೇ ವರ್ಷಗಳಲ್ಲಿ ಆಲ್ಡರ್ ಪೊದೆಗಳು ಮುಚ್ಚುತ್ತವೆ. ಹೂವುಗಳು ಅಳಿಯುತ್ತವೆ, ಕಾಲುದಾರಿಯೂ ಮಸುಳುತ್ತದೆ. ಬೇಸಗೆಯಲ್ಲಿ ಮಂದೆಯೊಡನೆ ಮೇಲಣ ಗಾವಲುಗಳಲ್ಲಿ ಬಾಳುವ ಸ್ವಿಟ್ಜರ್ಲೆಂಡಿನ ಸಂಪ್ರದಾಯವನ್ನು 2023ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ಒಳ್ಳೆಯದೇ; ಆದರೆ ಪಟ್ಟಿ ಹುಲ್ಲನ್ನು ಮೇಯುವುದಿಲ್ಲ. ಬೆಳಗಿನ ಜಾವದಲ್ಲೆದ್ದು ಹಾಲು ಕರೆಯುವ ಕೈಗಳು ಬೇಕು.

ಕಡೆಯದಾಗಿ ಒಂದು ಮಾತು. ಹೆಚ್ಚಿನವರು ಈ ದಾರಿಯನ್ನು ಬೆಟ್ಟವು ಎಡಗಡೆಗೆ ಬರುವಂತೆ ಸುತ್ತುತ್ತಾರೆ. ನಮ್ಮ ಹಿರಿಯರು ಕಂಡಿದ್ದರೆ ಇದನ್ನು ಅಪ್ರದಕ್ಷಿಣೆಯೆಂದು ಆಕ್ಷೇಪಿಸುತ್ತಿದ್ದರೇನೋ! ಆದರೂ ಗಾವಲಿನ ಗುಡಿಸಲಿನ ಮುಂದೆ ಕುಳಿತು ಅಲ್ಲಿಯದೇ ಹಾಲಿನ ಚೀಸಿನ ಒಂದು ತುಂಡನ್ನು ಬೆಲೆಕೊಟ್ಟು ತಿನ್ನುವ ಯಾತ್ರಿಕನನ್ನು ಅವರೂ ಹರಸುತ್ತಿದ್ದರೆಂದು ನನ್ನ ನಂಬಿಕೆ. ಮುಂದಿನ ಬೇಸಗೆಯಲ್ಲಿಯೂ ಮಂದೆ ಮೇಲೇರುವುದಕ್ಕೆ, ದಾರಿ ದಾರಿಯಾಗಿ ಉಳಿಯುವುದಕ್ಕೆ, ಅವನೂ ಅಷ್ಟಿಷ್ಟು ಸಲ್ಲಿಸಿದವನಾದನಲ್ಲವೆ?