ಕಡಲಂಚಿನ ನಿತ್ಯವ್ರತ

ಭಟ್ಕಳದಿಂದ ಹೊನ್ನಾವರವನ್ನು ಹಾಯ್ದು ಕುಮಟೆಯತ್ತ ಸಾಗುವ ಹಾದಿಯಲ್ಲಿ, ತೆಂಗಿನ ತೋಟಗಳ ನಡುವೆಯೂ ಮೀನುಗಾರರ ಕೇರಿಗಳ ಅಂಚಿನಲ್ಲಿಯೂ ಕಾಣಿಸಿಕೊಳ್ಳುವ ಇಗರ್ಜಿಗಳನ್ನು ನೋಡಿದ ಪ್ರವಾಸಿಯು, ಇಲ್ಲಿಯ ಕ್ರೈಸ್ತರ ಧರ್ಮಜೀವನವೆಲ್ಲ ಆ ಗೋಡೆಗಳ ಒಳಗೇ ನಡೆಯುವುದೆಂದು ಭಾವಿಸಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಈ ಸೀಮೆಯ ಚರಿತ್ರೆಯನ್ನು ತಾಳ್ಮೆಯಿಂದ ಅವಲೋಕಿಸಿದವರಿಗೆ, ಕ್ರಿಸ್ತನ ಶಿಷ್ಯತ್ವವು ಇಲ್ಲಿ ಶತಮಾನಗಳ ಕಾಲ ಬಾಳಿಬಂದದ್ದು ಮುಖ್ಯವಾಗಿ ಮನೆಯ ಜಗಲಿಯಲ್ಲಿ ಎಂಬುದು ವಿದಿತವಾಗದೆ ಇರದು.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಹಿಡಿದಿದ್ದ ಹೊನ್ನಾವರದ ಕೋಟೆ ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕೆಳದಿಯ ಅರಸರ ವಶವಾಯಿತು. ಪಾದ್ರಿಗಳು ವಿರಳರಾದರು, ಇದ್ದವರಲ್ಲಿಯೂ ಗೋವೆಯ ಅಧಿಕಾರ ದೊಡ್ಡದೋ ರೋಮಿನ ನೇರ ಅಧಿಕಾರ ದೊಡ್ಡದೋ ಎಂಬ ವಿವಾದವೆದ್ದಿತು. ಇಂಥ ಸಮಯದಲ್ಲಿ, 1681ರಲ್ಲಿ, ಗೋವೆಯ ಬಾಣಾವಲಿಯಲ್ಲಿ ಜನಿಸಿದ ಜೋಸೆಫ್ ವಾಜ್ ಎಂಬ ಯುವಕ ಪಾದ್ರಿ ಕೆನರಾ ಕರಾವಳಿಗೆ ಬಂದು, ಜನರ ನಡುವೆ ಬರಿಗಾಲಿನಲ್ಲಿ ಸಂಚರಿಸಿ, ಮಕ್ಕಳಿಗೆ ಶಾಲೆಗಳನ್ನು ತೆರೆದು, ಚದುರಿದವರನ್ನು ಒಗ್ಗೂಡಿಸಿ 1684ರಲ್ಲಿ ಹಿಂದಿರುಗಿದನು. ಮುಂದೆ ಸಿಂಹಳಕ್ಕೆ ಹೋದ ಈತನೇ, ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನರು ತಮ್ಮ ರೋಗಿಗಳನ್ನೇ ತೊರೆದು ಓಡಿದಾಗ, ಅವರ ಬಳಿ ಕುಳಿತು ಶುಶ್ರೂಷೆ ಮಾಡಿದನು. 2015ರಲ್ಲಿ ಸಂತಪದವಿಗೇರಿದ ಆತನ ಜೀವನದಲ್ಲಿ ಪವಾಡಗಳಿಗಿಂತ ಆ ಶುಶ್ರೂಷೆಯೇ ನನಗೆ ಹಿರಿದಾಗಿ ತೋರುತ್ತದೆ.

ಅನಂತರ 1784ರಲ್ಲಿ ಕೆನರಾದ ಸಹಸ್ರಾರು ಕ್ರೈಸ್ತರು ಟಿಪ್ಪುವಿನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋದರು; ಬದುಕುಳಿದವರು ಮರಳಿದ್ದು 1799ರ ತರುವಾಯ. ಇಗರ್ಜಿ ನೆಲಸಮವಾಗಿ ಪಾದ್ರಿಯ ಆಸರೆಯೂ ಇಲ್ಲದಿದ್ದ ಅಂಥ ದಿನಗಳಲ್ಲಿ ವಿಶ್ವಾಸಕ್ಕೆ ಉಳಿದ ಆಶ್ರಯವೆಂದರೆ ಬಾಯಿಪಾಠವಾಗಿದ್ದ ಪ್ರಾರ್ಥನೆಯೂ ಹಿರಿಯರ ಮಾತೂ ಮಾತ್ರ.

ಆ ಪ್ರಾರ್ಥನೆ ಇಂದಿಗೂ ಕೊಂಕಣಿ ಕಥೋಲಿಕರ ಮನೆಗಳಲ್ಲಿದೆ. ಮುಸ್ಸಂಜೆ ದೀಪ ಹಚ್ಚಿದ ಮೇಲೆ ದೇವರ ಪೀಠದ ಮುಂದೆ ಮನೆಮಂದಿಯೆಲ್ಲ ನೆರೆಯುತ್ತಾರೆ. ಅಜ್ಜಿಯ ಬೆರಳುಗಳ ನಡುವೆ ಜಪಮಾಲೆಯ ಮಣಿಗಳು ಸರಿಯುತ್ತವೆ. ಒಬ್ಬರು ಪ್ರಾರ್ಥನೆಯ ಅರ್ಧವನ್ನು ಹೇಳಿದರೆ ಉಳಿದವರು ಮಿಕ್ಕ ಅರ್ಧವನ್ನು ಪೂರೈಸುತ್ತಾರೆ. ‘ತೇರ್ಸ್’ ಎಂದು ಕರೆಯುವ ಈ ಜಪಮಾಲೆಯ ಪ್ರಾರ್ಥನೆ ಮುಗಿಯುತ್ತಲೇ ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಎದುರು ಕೈಜೋಡಿಸಿ ‘ಬೆಸಾಂವ್’, ಅಂದರೆ ಆಶೀರ್ವಾದ, ಬೇಡುತ್ತಾರೆ. ಹಗಲೆಲ್ಲ ತಾಯಿಯೊಡನೆ ಮುನಿಸಿಕೊಂಡಿದ್ದ ಮಗನೂ ಈ ಹೊತ್ತಿನಲ್ಲಿ ಅವಳ ಮುಂದೆ ತಲೆಬಾಗಬೇಕು. ಶಿಷ್ಯತ್ವದ ಪ್ರಥಮ ಪಾಠ ಅದೇ ಎಂದು ನಾನು ಬಲ್ಲೆ.

ಏಕೆಂದರೆ, ಸಹೋದರನಿಗೆ ನಿನ್ನ ಮೇಲೆ ಏನಾದರೂ ವಿರೋಧವಿದೆಯೆಂದು ನೆನಪಾದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನೊಡನೆ ಸಮಾಧಾನವಾಗಬೇಕೆಂದು ಕ್ರಿಸ್ತನು ಪರ್ವತಪ್ರಸಂಗದಲ್ಲಿ ಬೋಧಿಸಿದ್ದಾನೆ. ಗದ್ದೆಯ ಬದುವಿನ ವ್ಯಾಜ್ಯದಲ್ಲಿ ದಾಯಾದಿಯ ಮನೆಯ ಹೊಸ್ತಿಲನ್ನು ತಾನೇ ಮೊದಲು ತುಳಿಯುವುದು, ಮೀನಿನ ತಕ್ಕಡಿಯನ್ನು ಸರಿಯಾಗಿ ಹಿಡಿಯುವುದು, ಕೂಲಿಯವಳ ಕೂಲಿಯನ್ನು ಅಂದೇ ಸಂಜೆ ಕೊಟ್ಟುಬಿಡುವುದು: ಆಜ್ಞಾಪಾಲನೆ ಎಂಬ ದೊಡ್ಡ ಮಾತು ನಿತ್ಯ ಬಂದು ನಿಲ್ಲುವುದು ಇಂಥ ಚಿಕ್ಕ ಸಂಗತಿಗಳಲ್ಲಿ. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್ 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಿಧೇಯತೆಯನ್ನು ಕೇಳದ ಕೃಪೆಯನ್ನು ಅಗ್ಗದ ಕೃಪೆಯೆಂದು ಖಂಡಿಸಿ, ತರುವಾಯ ಹಿಟ್ಲರನ ಆಳ್ವಿಕೆಯಲ್ಲಿ ನೇಣಿಗೇರಿದನು. ಅಷ್ಟು ಘೋರವಾದ ಪರೀಕ್ಷೆ ಎಲ್ಲರಿಗೂ ಒದಗುವುದಿಲ್ಲ; ತಕ್ಕಡಿಯ ಪರೀಕ್ಷೆಯಾದರೋ ಯಾರಿಗೂ ತಪ್ಪಿದ್ದಲ್ಲ.

ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ, ಅಂದರೆ ಮಾತೆ ಮರಿಯಳ ಜನ್ಮೋತ್ಸವದಲ್ಲಿ, ಮಕ್ಕಳು ಬಾಲಮಾತೆಗೆ ಹೂ ಅರ್ಪಿಸಿದ ಮೇಲೆ, ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ದು, ಅದರ ಕಾಳನ್ನು ಸುಲಿದು ಪುಡಿಮಾಡಿ ಹಾಲಿನಲ್ಲಿ ಬೆರೆಸಿ ಎಲ್ಲರೂ ಹಂಚಿಕೊಳ್ಳುವರು. ದುಡಿಮೆಯ ಫಲ ತನ್ನದು ಮಾತ್ರವೆಂಬ ಭಾವವನ್ನು ಆ ಒಂದು ಗುಟುಕು ಕರಗಿಸುತ್ತದೆ.

1976ರಿಂದ ಈ ಊರುಗಳು ಕಾರವಾರ ಧರ್ಮಪ್ರಾಂತಕ್ಕೆ ಸೇರಿವೆ. ಕುಮಟೆ ಹೊನ್ನಾವರಗಳ ನಡುವಣ ಚಂದಾವರದಲ್ಲಿ ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಕ್ಸೇವಿಯರನ ಹಬ್ಬಕ್ಕೆ ಕ್ರೈಸ್ತರೊಡನೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಆ ಹಬ್ಬಕ್ಕೆ ಹೋಗುವ ವಾಚಕರು ಜನಸಂದಣಿಯನ್ನಷ್ಟೇ ಕಂಡು ಮರಳದೆ, ಪರಿಚಿತರ ಮನೆಯೊಂದಿದ್ದರೆ ಸಂಜೆಯ ತೇರ್ಸಿನ ಹೊತ್ತಿನವರೆಗೆ ಅಲ್ಲಿ ಕುಳಿತು ಬರಬೇಕೆಂದು ನನ್ನ ವಿನಂತಿ.